ತೇಲುವ ಚಿತ್ರದ ಪೆನ್ನುಗಳು: ಸಂಗ್ರಹ ಶುರು ಮಾಡೋದು ಹೇಗೆ?

ಪ್ರಶ್ನೆ: ಓರೆ ಮಾಡಿದ್ರೆ ಒಳಗೆ ದೋಣಿಯೋ ರೈಲೋ ಜಾರುತ್ತಲ್ಲ, ಆ ಪ್ರವಾಸಿ ಪೆನ್ನುಗಳನ್ನು ಕೂಡಿಡಬೇಕು ಅಂತಿದ್ದೀನಿ. ಕೊಳ್ಳುವಾಗ ಏನು ನೋಡಬೇಕು?

ಉತ್ತರ 1: ಮೊದಲು ಎಣ್ಣೆ ನೋಡಿ. ಕೊಳವೆಯಲ್ಲಿರೋದು ಸಾಮಾನ್ಯವಾಗಿ ಮಿನರಲ್ ಆಯಿಲ್. ಪುಟ್ಟ ಗುಳ್ಳೆ ಪರವಾಗಿಲ್ಲ. ದೊಡ್ಡದಿದ್ರೆ ಸೀಲ್ ಸೋರಿರಬಹುದು, ಬಿಟ್ಟುಬಿಡಿ. ನಿಧಾನಕ್ಕೆ ಓರೆ ಮಾಡಿ: ಚಿತ್ರ ಮಧ್ಯೆ ಸಿಕ್ಕಿಕೊಳ್ಳದೆ ತುದಿಯಿಂದ ತುದಿಗೆ ಹೋಗಬೇಕು. ಡೆನ್ಮಾರ್ಕ್‌ನ ಎಸ್ಕೆಸೆನ್ ಕಂಪನಿ 1950ರ ದಶಕದಿಂದ ಮಾಡಿದ ಪೆನ್ನುಗಳನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗ್ತಾರೆ.

ಉತ್ತರ 2: ತಂದ ತಕ್ಷಣ ರೀಫಿಲ್ ಬಿಚ್ಚಿ, ಚೀಟಿ ಅಂಟಿಸಿದ ಬೇರೆ ಚೀಲದಲ್ಲಿಡಿ. ಹಳೇ ಇಂಕ್ ಸೋರಿ ತಿರುಪಿನ ಸುತ್ತುಗಳಲ್ಲಿ ಒಣಗಿದ್ರೆ ಪೆನ್ನು ಬಿಚ್ಚೋಕೇ ಆಗಲ್ಲ. ಸ್ಪಿರಿಟ್‌ನಿಂದ ಒರೆಸಲೇಬೇಡಿ, ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಬಿಡಬಹುದು. ಒದ್ದೆ ಬಟ್ಟೆ ಸಾಕು.

ಉತ್ತರ 3: ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡ, ಅಂಟಿಕೊಳ್ಳುತ್ತೆ. ಅಡ್ಡಡ್ಡ ಮಲಗಿಸಿ, ಬಿಸಿಲು ಬೀಳದ ಡ್ರಾಯರ್‌ನಲ್ಲಿಡಿ. ಬೆಳಕಿಗೆ ಚಿತ್ರದ ಬಣ್ಣ ಮಾಸುತ್ತೆ. ಮತ್ತೆ, ಸೇತುವೆಗಳೋ ಹಡಗುಗಳೋ, ಒಂದೇ ವಿಷಯ ಹಿಡಿದು ಹೋಗಿ.