ಅಪ್‌ಡೇಟ್: ಲಸಿಕೆ ಆದ ಮೇಲೆ ಕಂಕುಳಲ್ಲಿ ಬಂದ ಗಂಟು

ಹೋದ ತಿಂಗಳು ಕೇಳಿದ್ದೆ. 2018ರಲ್ಲಿ ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು, ಈಗ ಬಲಗೈಗೆ ಕೋವಿಡ್ ಲಸಿಕೆ ಹಾಕಿಸಿಕೊಂಡ ಮೇಲೆ ಬಲ ಕಂಕುಳಲ್ಲಿ ಗಂಟು ಸಿಗ್ತಿದೆ, ಕ್ಯಾನ್ಸರ್ ಮತ್ತೆ ಬಂತಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಗಂಟು ಇಳಿದಿದೆ. ಡಾಕ್ಟರ್ ಹೇಳಿದ್ದು ಇಷ್ಟು: ಲಸಿಕೆ ಹಾಕಿದ ಕೈ ಕಡೆಯ ದುಗ್ಧಗ್ರಂಥಿ (ಲಿಂಫ್ ನೋಡ್, ಕಂಕುಳಲ್ಲಿರುವ ರೋಗನಿರೋಧಕ ವ್ಯವಸ್ಥೆಯ ಸಣ್ಣ ಗ್ರಂಥಿ) ಊದಿಕೊಳ್ಳೋದು ಗೊತ್ತಿರುವ ವಿಷಯ, ದೇಹದ ರೋಗನಿರೋಧಕ ಶಕ್ತಿ ಕೆಲಸ ಮಾಡ್ತಿದೆ ಅಂತಷ್ಟೇ. ಆಪರೇಷನ್ ಆಗದ ಕಡೆಯ ಕೈಗೆ ಲಸಿಕೆ ಹಾಕಿಸಿಕೊಳ್ಳಿ ಅನ್ನೋದು ಕೂಡ ಇದಕ್ಕೇ, ಇಲ್ಲದಿದ್ದರೆ ಊತ ಲಸಿಕೆಯಿಂದಲೋ ಕ್ಯಾನ್ಸರ್‌ನಿಂದಲೋ ಅನ್ನೋ ಗೊಂದಲ ಇನ್ನೂ ಜಾಸ್ತಿ. ಆದರೂ ನನ್ನ ಹಿಸ್ಟರಿ ನೋಡಿ ಅಲ್ಟ್ರಾಸೌಂಡ್ ಮಾಡಿಸಿದರು, ಕೆಲವು ವಾರ ಬಿಟ್ಟು ಮತ್ತೆ ನೋಡಿದರು.

ಆ ಮಧ್ಯದ ವಾರಗಳೇ ಕಷ್ಟ. ಲಾಕ್‌ಡೌನ್‌ನಿಂದ ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಮೊದಲೇ ಮುಂದಕ್ಕೆ ಹೋಗಿತ್ತು, ಆಸ್ಪತ್ರೆಗೆ ಹೋದರೆ ಕೊರೋನಾ ಭಯ, ಹೋಗದಿದ್ದರೆ ಒಳಗೆ ಏನೋ ಬೆಳೀತಿದೆ ಅನ್ನೋ ಭಯ, ರಾತ್ರಿ ನಿದ್ದೆಯಲ್ಲೂ ಕೈ ಕಂಕುಳಿಗೇ ಹೋಗ್ತಿತ್ತು. "ಗುಣ ಆಗಿದೆಯಲ್ಲ, ಸುಮ್ನೆ ಯಾಕೆ ಯೋಚನೆ" ಅಂತ ಮನೆಯವರು ಪ್ರೀತಿಯಿಂದಲೇ ಹೇಳ್ತಾರೆ, ಅದು ಇನ್ನೂ ಒಂಟಿ ಮಾಡುತ್ತೆ. ನಿಮ್ಹಾನ್ಸ್ ಸಹಾಯವಾಣಿಗೆ ಫೋನ್ ಮಾಡಿದ್ದು ನಿಜಕ್ಕೂ ಉಪಯೋಗ ಆಯ್ತು. ಈ ಭಯ ಕ್ಯಾನ್ಸರ್ ಗುಣವಾದ ಎಷ್ಟೋ ಜನರಿಗೆ ಇರುತ್ತೆ ಅಂದರು, ದಿನಕ್ಕೆ ಹತ್ತು ಸಲ ಮುಟ್ಟಿ ನೋಡೋದನ್ನು ಬಿಟ್ಟು ಡಾಕ್ಟರ್ ಹೇಳಿದ ಹಾಗೆ ಮಾತ್ರ ನೋಡಿಕೊಳ್ಳಿ ಅಂದರು.

ಭಯ ಪೂರ್ತಿ ಹೋಗಿಲ್ಲ. ನಿಮಗೂ ಹೀಗೆ ಗಂಟು ಬಂದು ಕೆಲವು ವಾರದಲ್ಲಿ ಇಳಿಯದಿದ್ದರೆ ದಯವಿಟ್ಟು ತೋರಿಸಿ, ಮತ್ತೆ ಲಸಿಕೆ ಯಾವತ್ತು, ಯಾವ ಕೈಗೆ ಅಂತ ಸ್ಕ್ಯಾನ್ ಮಾಡೋರಿಗೆ ಮರೆಯದೆ ಹೇಳಿ.