ಪದಚರ್ಚೆ: ಸೈಕಲ್ ಫ್ರೇಮಿನ ‘ಜಿಗ್’ಗೆ ಮಣೆ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮೂರು ತಿಂಗಳಿಂದ ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ ಒಂದು ವಸ್ತು ಕಟ್ಟುತ್ತಿದ್ದೆ. ಕಟ್ಟಿ ಮುಗಿಯಿತು, ಕೆಲಸಕ್ಕೂ ಬಂತು. ಅದನ್ನು ಕನ್ನಡದಲ್ಲಿ ಏನಂತ ಕರೆಯಬೇಕು ಅನ್ನೋದು ಮಾತ್ರ ಇನ್ನೂ ಬಗೆಹರಿದಿಲ್ಲ.

ಮೊದಲು ವಸ್ತು ಏನು ಅಂತ ಹೇಳಿಬಿಡುತ್ತೇನೆ. ಮಾಮೂಲಿ ಸೈಕಲ್ ಫ್ರೇಮಿನಲ್ಲಿ ಎಂಟು ಕೊಳವೆಗಳಿರುತ್ತವೆ. ಮುಂದೆ ಹ್ಯಾಂಡಲ್ ಕೂರುವ ಗಿಡ್ಡ ಹೆಡ್ ಟ್ಯೂಬ್. ಮೇಲೆ ನಾವೆಲ್ಲ ಚಿಕ್ಕವರಿದ್ದಾಗ ಕೂತು ಹೋಗುತ್ತಿದ್ದ ಬಾರು. ಅದರ ಕೆಳಗೆ ಓರೆಯಾಗಿ ಇಳಿಯುವ ಡೌನ್ ಟ್ಯೂಬ್. ಸೀಟಿನ ಕೊಳವೆ. ಆಮೇಲೆ ಹಿಂದಿನ ಚಕ್ರದ ಎಡಕ್ಕೆ ಎರಡು, ಬಲಕ್ಕೆ ಎರಡು ಸಣಕಲು ಕೊಳವೆಗಳು. ಪೆಡಲ್ ತಿರುಗುವ ಜಾಗದಲ್ಲಿ ಬಾಟಮ್ ಬ್ರಾಕೆಟ್ ಅನ್ನೋ ಡಬ್ಬಿ ಬೇರೆ. ಬೆಸೆಯುವಾಗ ಇವೆಲ್ಲ ತಮ್ಮ ತಮ್ಮ ಜಾಗದಲ್ಲಿ, ತಮ್ಮ ತಮ್ಮ ಓರೆಯಲ್ಲಿ, ಕದಲದೆ ನಿಲ್ಲಬೇಕು. ಹಾಗೆ ಹಿಡಿದು ನಿಲ್ಲಿಸುವ ಸಾಧನವೇ ಜಿಗ್. ರೆಡಿಮೇಡ್ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಸಿಕ್ಕ ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ (ತೂತಿನ ಮೂಲಕ ಒತ್ತಿ ತೆಗೆದ ಕಂಬಿ) ತುಂಡುಗಳಲ್ಲಿ ನಾನೇ ಮಾಡಿಕೊಂಡೆ.

ಪದದ ತಾಪತ್ರಯ ಶುರುವಾಗಿದ್ದು ಅಕ್ಕನ ಮಗನಿಂದ. ಅವನು ಶಿವಮೊಗ್ಗದಲ್ಲಿ ಐಟಿಐ ಫಿಟ್ಟರ್ ಓದುತ್ತಿದ್ದಾನೆ. ‘ಮಾವ, ಹೇಗೆ ಮಾಡಿದ್ರಿ ಅಂತ ಕನ್ನಡದಲ್ಲಿ ಬರೆದು ಕಳಿಸಿ, ನಮ್ಮ ಹುಡುಗರೂ ಓದ್ತಾರೆ’ ಅಂದ. ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಜಿಗ್, ಎಕ್ಸ್‌ಟ್ರೂಷನ್, ಮೈಟರ್, ಕೋನ್ ಎಲ್ಲ ಬಂದು ಕೂತವು. ಆ ಸಾಲಿನಲ್ಲಿ ಕನ್ನಡ ಅಂತ ಉಳಿದಿದ್ದು ಕೊನೆಯ ‘ಮಾಡಬೇಕು’ ಒಂದೇ.

ಇಂಗ್ಲಿಷ್ ಪದ ಇದ್ದರೇನಂತೆ, ಅರ್ಥ ಆಗುತ್ತಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ಲೇತ್ ಅಂಗಡಿಯ ಪ್ರಸಂಗ ಆಗುವ ತನಕ. ಹೆಡ್ ಟ್ಯೂಬನ್ನು ಎರಡೂ ತುದಿಯಿಂದ ಹಿಡಿಯಲು ಎರಡು ಕೋನ್ ಬೇಕು. ಅವನ್ನು ಕೊಳವೆಯ ಬಾಯಿಗೆ ತೂರಿಸಿ ಬಿಗಿದರೆ ಕೊಳವೆ ತಾನಾಗಿಯೇ ನಟ್ಟನಡುವಿಗೆ ಬಂದು ಕೂರುತ್ತದೆ. ಚೀಟಿಯಲ್ಲಿ ‘ಕೋನು 2, ಅಲ್ಯೂಮಿನಿಯಂ’ ಅಂತ ಬರೆದುಕೊಟ್ಟೆ. ಅದೇ ಚೀಟಿಯ ಕೆಳಗೆ, ನನ್ನ ನೆನಪಿಗೆ, ‘ಹೆಡ್ ಕೋನ 72 ಡಿಗ್ರಿ’ ಅಂತ ಗೀಚಿಕೊಂಡಿದ್ದೆ. ಅದು ಹೆಡ್ ಟ್ಯೂಬ್ ನೆಲಕ್ಕೆ ಎಷ್ಟು ಓರೆಯಾಗಿರಬೇಕು ಅನ್ನೋ ಲೆಕ್ಕ. ಎರಡು ದಿನ ಬಿಟ್ಟು ಹೋದರೆ ತುದಿಯಲ್ಲಿ ಸರಿಯಾಗಿ 72 ಡಿಗ್ರಿ ಇರುವ ಎರಡು ಮೊಂಡು ಕೋನು ತಯಾರಾಗಿದ್ದವು. ‘ಕೋನ ಎಪ್ಪತ್ತೆರಡು ಅಂತ ನೀವೇ ಬರೆದಿದ್ದೀರಲ್ಲ ಸಾರ್’ ಅಂದರು. ತಪ್ಪು ಅವರದಲ್ಲ. ಒಂದು ಕೊಂಬಿನ ವ್ಯತ್ಯಾಸ. ಪುಣ್ಯಕ್ಕೆ ಮೊಂಡು ಕೋನೂ ಕೊಳವೆಯನ್ನು ನಡುವಿಗೇ ತರುತ್ತದೆ, ಕೆಲಸ ಕೆಡಲಿಲ್ಲ. ಆದರೆ ಅವತ್ತಿನಿಂದ ಅದಕ್ಕೆ ಬುಗುರಿ ಅನ್ನುತ್ತಿದ್ದೇನೆ. ಶಾಲೆಯಲ್ಲಿ ಕಲಿತ ‘ಶಂಕು’ ಇದೆ, ಗೊತ್ತು. ಆದರೆ ಲೇತ್ ಮುಂದೆ ನಿಂತು ‘ಎರಡು ಶಂಕು ಮಾಡಿಕೊಡಿ’ ಅಂದರೆ ಯಾವ ಮಂತ್ರಿ ಬರ್ತಿದ್ದಾರೆ ಸಾರ್ ಅಂತ ಕೇಳಿಯಾರು.

ಈಗ ಜಿಗ್‌ಗೆ ಬರೋಣ. ಇಂಗ್ಲಿಷಿನಲ್ಲೇ ಇದು ಸ್ವಲ್ಪ ಎಡವಟ್ಟಿನ ಪದ. ಹುಡುಗ ಫೋನಿನಲ್ಲೇ ತಿದ್ದಿದ: ‘ಮಾವ, ನಮ್ಮ ಪುಸ್ತಕದಲ್ಲಿ ಜಿಗ್ ಬೇರೆ, ಫಿಕ್ಸ್‌ಚರ್ ಬೇರೆ. ನೀವು ಮಾಡಿರೋದು ಫಿಕ್ಸ್‌ಚರ್.’ ಅವನು ಹೇಳಿದ್ದು ಸರಿ. ಡ್ರಿಲ್ ಬಿಟ್ ಎಲ್ಲಿ ಇಳಿಯಬೇಕು ಅಂತ ಉಪಕರಣಕ್ಕೆ ದಾರಿ ತೋರಿಸಿದರೆ ಜಿಗ್. ಮಾಡುವ ವಸ್ತುವನ್ನು ಸುಮ್ನೆ ಹಿಡಿದಿಟ್ಟುಕೊಂಡರೆ ಫಿಕ್ಸ್‌ಚರ್. ಸೈಕಲ್ ಫ್ರೇಮ್ ಮಾಡುವವರು ಸಾಮಾನ್ಯವಾಗಿ ಈ ಫಿಕ್ಸ್‌ಚರಿಗೇ ಜಿಗ್ ಅನ್ನುತ್ತಾರೆ. ಹಾಗಿದ್ದ ಮೇಲೆ ಕನ್ನಡದಲ್ಲಿ ನಾವು ಅವರ ಗೊಂದಲವನ್ನೂ ಜೊತೆಗೆ ತರಬೇಕಾ?

ಮೊದಲು ಹೊಳೆದದ್ದು ‘ಅಚ್ಚು’. ಎರಡು ಕಾರಣಕ್ಕೆ ಕೈಬಿಟ್ಟೆ. ಅಚ್ಚು ಆಕಾರ ಕೊಡುತ್ತದೆ. ಕಾದ ಪಾಕ ಸುರಿದರೆ ಅಚ್ಚುಬೆಲ್ಲ ಆಗುತ್ತದೆ. ನನ್ನದು ಯಾವುದಕ್ಕೂ ಆಕಾರ ಕೊಡಲ್ಲ, ಈಗಾಗಲೇ ಆಕಾರ ಇರುವ ಕೊಳವೆಗಳನ್ನು ಜಾಗದಲ್ಲಿ ನಿಲ್ಲಿಸುತ್ತದೆ ಅಷ್ಟೇ. ಕಂಬಿ ಸರಿಸಿದರೆ ಅದೇ ಸಾಧನದಲ್ಲಿ ಕುಳ್ಳನಿಗೂ ಉದ್ದದವನಿಗೂ ಫ್ರೇಮ್ ಮಾಡಬಹುದು. ಇನ್ನೊಂದು ಕಾರಣ ಇನ್ನೂ ಗಟ್ಟಿ. ಗಾಡಿಯ ಆಕ್ಸಲ್‌ಗೂ ಕನ್ನಡದಲ್ಲಿ ಅಚ್ಚು ಅಂತಲೇ ಹೇಳುತ್ತೇವೆ, ಅಕ್ಷದಿಂದ ಬಂದ ಅಚ್ಚು. ಹಿಂದಿನ ಚಕ್ರದ ಜಾಗದಲ್ಲಿ ಬೆಸುಗೆ ಮುಗಿಯುವ ತನಕ ಒಂದು ಸುಳ್ಳು ಆಕ್ಸಲ್ ಹಾಕಿಡಬೇಕು, ಎರಡು ಕಡೆಯ ನಡುವೆ 135 ಮಿ.ಮೀ. ಅಂತರ ಉಳಿಯಲಿ ಅಂತ. ಆಗ ನನ್ನ ಬರಹ ಹೀಗಾಯಿತು: ‘ಅಚ್ಚಿನ ಮೇಲೆ ಸುಳ್ಳು ಅಚ್ಚನ್ನು ಅಚ್ಚುಕಟ್ಟಾಗಿ ಕೂರಿಸಿ.’ ಪ್ರಾಸ ಚೆನ್ನಾಗಿದೆ, ಸೈಕಲ್ ಆಗಲ್ಲ.

‘ಚೌಕಟ್ಟು’ ಅಂತೂ ಆಗಲೇ ಫ್ರೇಮಿಗೆ ಹೋಗಿದೆ. (ತ್ರಿಕೋನ ತ್ರಿಕೋನ ಇರುವುದನ್ನು ಚೌಕಟ್ಟು ಅಂತ ಹೇಗೆ ಅನ್ನೋದು ಅಂತ ಗೆಳೆಯರೊಬ್ಬರು ತಕರಾರು ತೆಗೆದರು. ಸೀಟಿನ ಕೊಳವೆಯನ್ನು ಮನಸ್ಸಿನಲ್ಲೇ ತೆಗೆದು ನೋಡಿ. ಹ್ಯಾಂಡಲ್, ಸೀಟು, ಹಿಂದಿನ ಆಕ್ಸಲ್, ಪೆಡಲ್, ನಾಲ್ಕೇ ಮೂಲೆ. ವಾಲಿದ ಚೌಕ, ಸೀಟಿನ ಕೊಳವೆ ಅದರ ಕರ್ಣ. ಚೌಕಟ್ಟು ಅನ್ನೋಕೆ ಏನೂ ಅಡ್ಡಿ ಇಲ್ಲ.) ಬೆಸುಗೆ ಹಾಕುವವರೊಬ್ಬರು ಇದನ್ನು ‘ಸೆಂಟ್ರಿಂಗ್’ ಅಂದರು. ಚುರುಕು ಬುದ್ಧಿ! ತಾರಸಿ ಹಾಕುವಾಗ ಕಾಂಕ್ರೀಟು ಗಟ್ಟಿಯಾಗುವವರೆಗೆ ಹೊತ್ತು ನಿಂತು ಆಮೇಲೆ ಕಳಚಿಕೊಳ್ಳುವ ಹಲಗೆ, ಕಂಬಗಳು. ಕೆಲಸ ಹೆಚ್ಚುಕಡಿಮೆ ಅದೇ. ಆದರೆ ಆ ಪದವೂ ಇಂಗ್ಲಿಷಿನದೇ, ಜೊತೆಗೆ ಸಿಮೆಂಟಿನ ವಾಸನೆ.

ಕೊನೆಗೆ ಪದ ಸಿಕ್ಕಿದ್ದು ಬೈಗುಳದಲ್ಲಿ. ಹಿತ್ತಲಲ್ಲಿ ಹಳೇ ಮೇಜಿನ ಮೇಲೆ ಅದನ್ನು ಮಲಗಿಸಿಟ್ಟು ಒಳಗೆ ಕಾಫಿಗೆ ಹೋಗಿದ್ದೆ. ಅಮ್ಮ ಬಕೆಟ್ ಹಿಡಿದು ನಿಂತು ಕೂಗಿದರು: ‘ಲೋ, ಆ ನಿನ್ನ ಮಣೆ ಎತ್ತಿ ಗೋಡೆಗೆ ಒರಗಿಸೋ, ಬಟ್ಟೆ ಒಣಹಾಕಬೇಕು.’

ಈಳಿಗೆಮಣೆ, ತುರಿಯುವ ಮಣೆ, ಶಾವಿಗೆಮಣೆ, ಚೆನ್ನೆಮಣೆ, ಹಸೆಮಣೆ. ಎಲ್ಲದರಲ್ಲೂ ಒಂದು ಹಲಗೆ, ಅದರ ಮೇಲೆ ಒಂದೇ ಒಂದು ಕೆಲಸಕ್ಕೆ ಬೇಕಾದ ಏರ್ಪಾಡು. ಮಣೆ ತಾನು ಅಲ್ಲಾಡಲ್ಲ, ಕೆಲಸವನ್ನು ಅದರ ಮೇಲೆ ತಂದು ಮಾಡುತ್ತೇವೆ. ಇದೇ ಅಲ್ವಾ ಜಿಗ್? ‘ಮಣೆ’ಗೆ ಮೊದಲು ಒಂದು ಧಾತು, ಅಂದರೆ ಕ್ರಿಯಾಪದದ ಮೂಲ, ಸೇರಿಸಿದರೆ ಯಾವ ಕೆಲಸದ್ದು ಅನ್ನೋದೂ ತಿಳಿಯುತ್ತದೆ. ನನ್ನದು ‘ಬೆಸೆಮಣೆ’. ಬಡಗಿ ತೂತು ಕೊರೆಯಲು ಇಟ್ಟುಕೊಳ್ಳುವುದು ‘ಕೊರೆಮಣೆ’. ಕುಡಿನೀರು, ಉಡುದಾರ, ಒತ್ತುಶಾವಿಗೆ ಆದ ಹಾಗೆಯೇ. ಜಿಗ್ಗೋ ಫಿಕ್ಸ್‌ಚರೋ ಅನ್ನೋ ಜಗಳವೂ ಇಲ್ಲಿ ಏಳುವುದಿಲ್ಲ, ಆ ಧಾತುವೇ ಹೇಳಿಬಿಡುತ್ತದೆ. ‘ಬೆಸೆಮಣೆ’ ಅಂದಾಗ ಹುಡುಗ ಜೋರಾಗಿ ನಕ್ಕ. ಹಸೆಮಣೆ ನೆನಪಾಯಿತಂತೆ. ಆಗಲಿ ಬಿಡಿ. ಕೊಳವೆಗಳನ್ನು ಕೂರಿಸಿ ಬೆಸುಗೆ ಹಾಕಿಸುವುದೂ ಒಂಥರಾ ಅದೇ.

ನನಗೇ ಇರುವ ಅನುಮಾನ ಒಂದು: ಮಣೆ ಅಂದರೆ ತಗ್ಗಾಗಿರಬೇಕು, ಮರದ್ದಾಗಿರಬೇಕು ಅಂತ ಕೆಲವರ ಕಿವಿಗೆ ಅನ್ನಿಸಬಹುದು. ದೊಡ್ಡ ಕಾರ್ಖಾನೆಗಳಲ್ಲಿ ಆಳೆತ್ತರ ನಿಲ್ಲುವ ಜಿಗ್‌ಗಳಿರುತ್ತವೆ. ಅದನ್ನು ಮಣೆ ಅಂದರೆ ಒಪ್ಪುತ್ತದಾ? ಇದಕ್ಕೆ ನಿಮ್ಮ ಅಭಿಪ್ರಾಯ ಬೇಕು.

ಎರಡನೇ ಪದ ಎಕ್ಸ್‌ಟ್ರೂಷನ್. ಕಿಟಕಿ ಬಾಗಿಲು ಮಾಡುವವರು ‘ಸೆಕ್ಷನ್’ ಅನ್ನುತ್ತಾರೆ, ಪೀಣ್ಯದಲ್ಲಿ ಕೇಳಿದರೆ ‘ಪ್ರೊಫೈಲ್’. ಎರಡೂ ಅದು ಹೇಗೆ ಹುಟ್ಟಿತು ಅಂತ ಹೇಳಲ್ಲ. ನಮ್ಮ ಅಡುಗೆಮನೆ ಹೇಳುತ್ತದೆ. ಚಕ್ಕುಲಿ ಒರಳಿಗೆ ಹಿಟ್ಟು ತುಂಬಿ, ಕೆಳಗೆ ನಕ್ಷತ್ರದ ತೂತಿನ ಬಿಲ್ಲೆ ಹಾಕಿ ಒತ್ತಿದರೆ ಉದ್ದಕ್ಕೂ ಅದೇ ಮುಳ್ಳಿನ ಎಳೆ. ಬಿಲ್ಲೆ ಬದಲಾಯಿಸಿ ಸಣ್ಣ ತೂತಿನದು ಹಾಕಿದರೆ ಶಾವಿಗೆ. ಅಲ್ಯೂಮಿನಿಯಂ ದಿಮ್ಮಿಯನ್ನು 450ರಿಂದ 500 ಡಿಗ್ರಿಯಷ್ಟು ಕಾಯಿಸಿ ಉಕ್ಕಿನ ಬಿಲ್ಲೆಯ ಮೂಲಕ ಒತ್ತುತ್ತಾರೆ. ಕರಗಿಸುವುದಿಲ್ಲ, ಗಮನಿಸಿ. ಅಲ್ಯೂಮಿನಿಯಂ ಕರಗುವುದು 660ಕ್ಕೆ. ಹಿಟ್ಟಿನ ಹಾಗೆ ಮೆತ್ತಗಾದರೆ ಸಾಕು. ನಡುವೆ ಟೊಳ್ಳಿರುವ ಕಂಬಿ ಹೇಗೆ ಬರುತ್ತದೆ ಅನ್ನೋದು ನನಗೆ ತುಂಬಾ ದಿನ ಒಗಟಾಗಿತ್ತು. ಬಿಲ್ಲೆಯೊಳಗೆ ಲೋಹ ಒಂದು ಗೂಟವನ್ನು ಸುತ್ತುವರಿದು ಕವಲೊಡೆದು ಹೋಗುತ್ತದೆ. ಆಚೆ ಬದಿಗೆ ಬರುವಷ್ಟರಲ್ಲಿ ಆ ಬಿಸಿಗೆ, ಆ ಒತ್ತಡಕ್ಕೆ ಮತ್ತೆ ಒಂದಾಗಿ ಬೆಸೆದುಕೊಂಡಿರುತ್ತದೆ. ಇದನ್ನು ಚಕ್ಕುಲಿ ಒರಳಿನಲ್ಲಿ ಮಾಡಲು ಹೋಗಬೇಡಿ.

ಹಾಗಾಗಿ ‘ಒತ್ತುಕಂಬಿ’ ಅಂತ ಬರೆದಿದ್ದೇನೆ. ದಪ್ಪನೆಯ 40-80 ಮಿ.ಮೀ. ಅಳತೆಯದಕ್ಕೆ ‘ಒತ್ತುತೊಲೆ’. ಒತ್ತಕ್ಷರದ ಒತ್ತು, ‘ಒತ್ತು ಕೊಡಿ’ಯ ಒತ್ತು ನೆನಪಾಗುತ್ತೆ ಅಂತ ಯಾರಾದರೂ ಅನ್ನಬಹುದು. ಒತ್ತುಶಾವಿಗೆ ತಿನ್ನುವಾಗ ಯಾರಿಗೂ ಒತ್ತಕ್ಷರ ನೆನಪಾಗಿಲ್ಲ.

ಪದಗಳು ಕೆಲಸದ ನಡುವೆ ಹೇಗೆ ಕೂರುತ್ತವೆ ನೋಡಿ, ಹುಡುಗನಿಗೆ ಬರೆದದ್ದರಲ್ಲಿ ಒಂದು ತುಣುಕು:

‘ಮೊದಲು ಒತ್ತುತೊಲೆ ತಿರುಚಿಲ್ಲ ಅಂತ ಖಾತ್ರಿ ಮಾಡಿಕೊ. ಎರಡು ತುದಿಯಲ್ಲೂ ಒಂದೊಂದು ಸ್ಟೀಲ್ ಸ್ಕೇಲ್ ಅಡ್ಡಲಾಗಿ ಇಟ್ಟು, ಒಂದು ಕಣ್ಣು ಮುಚ್ಚಿ ಒಂದರ ಮೇಲಿಂದ ಇನ್ನೊಂದನ್ನು ನೋಡು. ಅಂಚುಗಳು ಕೂಡಿಕೊಂಡರೆ ಸರಿ. ಕಂಬಿಯ ನಾಲ್ಕೂ ಬದಿಗೆ 8 ಮಿ.ಮೀ. ಜಾಡು ಇದೆ, ಅದರೊಳಗೆ ಟಿ ನಟ್ ಜಾರಿಸಿ ಬೋಲ್ಟ್ ಬಿಗಿ. ಎಲ್ಲ ಅಳತೆಯೂ ಬಾಟಮ್ ಬ್ರಾಕೆಟ್ಟಿನ ನಡುವಿನಿಂದಲೇ ಶುರು. ಅಲ್ಲಿಂದ ಹಿಂದಿನ ಆಕ್ಸಲ್‌ವರೆಗಿನ ಕೊಳವೆ 430 ಮಿ.ಮೀ. ಬೇಕು, ಬಾಟಮ್ ಬ್ರಾಕೆಟ್ ಹಿಂದಿನ ಆಕ್ಸಲ್‌ಗಿಂತ 70 ತಗ್ಗಿನಲ್ಲಿರಬೇಕು ಅಂದರೆ, ಆಕ್ಸಲ್ ಕಂಬವನ್ನು ಅಡ್ಡಕ್ಕೆ 424ರಲ್ಲಿ ನಿಲ್ಲಿಸು. ಪೈಥಾಗೊರಸ್ ಲೆಕ್ಕ, ನೀನೇ ಮಾಡಿ ನೋಡು. ಮಣೆಯ ಮೇಲೆ ಚುಕ್ಕೆ ಬೆಸುಗೆ ಮಾತ್ರ. ಹಿತ್ತಾಳೆ ಬೆಸುಗೆಗೆ 900 ಡಿಗ್ರಿ ಹತ್ತಿರದ ಕಾವು ಬೇಕು, ಜ್ವಾಲೆ ಮಣೆಗೆ ತಾಗಿದರೆ ಮಣೆಯೇ ಕರಗುತ್ತದೆ. ಅದೂ ಅಲ್ಲದೆ ಒಂದೇ ಕಾವಿಗೆ ಮಣೆಯ ಅಲ್ಯೂಮಿನಿಯಂ ಕೊಳವೆಯ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ, ಅಳತೆ ಕೆಡುತ್ತದೆ. ಚುಕ್ಕೆ ಹಾಕಿ, ಆರಲು ಬಿಟ್ಟು, ಇಳಿಸಿಕೊಂಡು ಪೂರ್ತಿ ಬೆಸೆ.’

ಮಣೆ ಯಾಕೆ ಬೇಕೇಬೇಕು ಅನ್ನೋದನ್ನೂ ಅವನಿಗೆ ಬರೆದೆ. ನನ್ನ ಮೊದಲ ಫ್ರೇಮನ್ನು ಪ್ಲೈವುಡ್ ಹಲಗೆ ಮೇಲೆ ಮೊಳೆ ಹೊಡೆದು, ಕಣ್ಣಳತೆಯಲ್ಲಿ ಬೆಸೆದಿದ್ದೆ. ಓಡಿಸಿದಾಗ ಕೈ ಬಿಟ್ಟರೆ ಸಾಕು, ಎಡಕ್ಕೆ ಎಳೆಯುತ್ತಿತ್ತು. ದಾರ ಕಟ್ಟಿ ನೋಡಿದೆ. ಹಿಂದಿನ ಆಕ್ಸಲ್ ಕೂರುವ ಒಂದು ಬದಿಯಿಂದ ದಾರ ಹೊರಟು, ಹೆಡ್ ಟ್ಯೂಬ್ ಬಳಸಿ, ಇನ್ನೊಂದು ಬದಿಗೆ ಬರಬೇಕು. ದಾರಕ್ಕೂ ಸೀಟಿನ ಕೊಳವೆಗೂ ನಡುವಿನ ಅಂತರ ಎರಡು ಕಡೆಯೂ ಒಂದೇ ಇರಬೇಕು. ನನ್ನದರಲ್ಲಿ ಒಂದು ಕಡೆ 33, ಇನ್ನೊಂದು ಕಡೆ 27 ಮಿ.ಮೀ. ಸೈಕಲ್ ಅಂಗಡಿಯವರು ನೋಡಿ ‘ಔಟಾಗಿದೆ’ ಅಂದರು. ಗಾರೆಯವರಾದರೆ ‘ವಾರೆ’ ಅಂತಿದ್ದರು. ಅಮ್ಮ ‘ಸೊಟ್ಟ’ ಅಂದರು. ಮೂರಕ್ಕೂ ನನಗೆ ಒಪ್ಪಿಗೆ ಇದೆ.

ಉಳಿದ ಪದಗಳು ಅಷ್ಟು ಕಾಡಲಿಲ್ಲ. ಒಂದು ಕೊಳವೆ ಇನ್ನೊಂದರ ಹೊಟ್ಟೆಗೆ ಸಂದಿಲ್ಲದೆ ಅಂಟಿಕೊಳ್ಳಲು ತುದಿಯನ್ನು ಅರ್ಧಚಂದ್ರವಾಗಿ ಅರದಲ್ಲಿ ಉಜ್ಜಬೇಕು, ಅದು ಮೈಟರ್. ಬಡಗಿಯ ‘ಕಚ್ಚು’ ಸಾಕು. ಬೆಸುಗೆಯ ಪುಡಿಗೆ ಅಕ್ಕಸಾಲಿಗರ ಬಿಳಿಗಾರ ಇದ್ದೇ ಇದೆ. ನಟ್ಟು, ಬೋಲ್ಟು, ವಾಷರ್ರಿಗೆ ನಾನು ಕೈ ಹಚ್ಚುವುದಿಲ್ಲ. ಅವು ಯಾವಾಗಲೋ ನಮ್ಮವಾಗಿವೆ.

ಕೇಳಬೇಕಾದ್ದು ಇಷ್ಟು. ದೋಣಿ ಕಟ್ಟುವವರು, ಗಾಡಿ ಚಕ್ರ ಮಾಡುವವರು, ನೇಯುವವರು, ಅಕ್ಕಸಾಲಿಗರು ನಿಮ್ಮ ಕಡೆ ಇದ್ದರೆ, ತುಂಡುಗಳನ್ನು ಕೂಡಿಸುವ ತನಕ ಹಿಡಿದಿಟ್ಟುಕೊಳ್ಳುವ ಸಾಧನಕ್ಕೆ ಅವರು ಏನನ್ನುತ್ತಾರೆ ಅಂತ ವಿಚಾರಿಸಿ ಹೇಳಿ. ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಬೇರೆ ಪದ ಇರಬಹುದು. ಕೈಕೆಲಸದವರ ಬಾಯಲ್ಲಿ ಈಗಾಗಲೇ ಒಂದು ಇದ್ದರೆ ನನ್ನ ಬೆಸೆಮಣೆಯನ್ನು ಸಂತೋಷವಾಗಿ ವಾಪಸ್ ತೆಗೆದುಕೊಳ್ಳುತ್ತೇನೆ.

ಭಾನುವಾರ ಹುಡುಗನಿಗೆ ಬರಹ ಕಳಿಸಬೇಕು. ಸದ್ಯಕ್ಕೆ ತಲೆಬರಹದ ಜಾಗ ಖಾಲಿ ಬಿಟ್ಟಿದ್ದೇನೆ.