ಮೊದಲ ವರ್ಷದ ಸೈಕಾಲಜಿ ಟೆಸ್ಟ್: ಎಂ.ಸಿ.ಕ್ಯೂ ಕೊಡೋದಾ, ಬರೆಸೋದಾ? ಅನುಭವ ಇದ್ದೋರು ಹೇಳಿ

ಮಂಡ್ಯ_ಹೊಸಮೇಡಂ: ಡಿಗ್ರಿ ಮೊದಲ ವರ್ಷ, ಸೈಕಾಲಜಿ ಪರಿಚಯ. 60 ಮಕ್ಕಳು, ಅರ್ಧಕ್ಕರ್ಧ ಕನ್ನಡ ಮಾಧ್ಯಮ. ಸೋಮವಾರ ಒಂದು ಗಂಟೆ ಟೆಸ್ಟ್, 40 ಅಂಕ. ಕಲಿಕೆ, ಸ್ಮೃತಿ, ಸಂಶೋಧನಾ ವಿಧಾನ, ಮೂರೇ ಅಧ್ಯಾಯ. ಬಾಯಿಪಾಠ ಬೇಡ, ಅರ್ಥ ಆಗಿದ್ಯಾ ಅಂತ ತಿಳೀಬೇಕು. ಎಂ.ಸಿ.ಕ್ಯೂ (ಆಯ್ಕೆ ಕೊಟ್ಟು ಟಿಕ್ ಹಾಕಿಸೋ ಪ್ರಶ್ನೆ) ಕೊಡಲಾ, ಬರೆಸಲಾ?

ಕುವೆಂಪುನಗರ_ಗುರು: ಎಂ.ಸಿ.ಕ್ಯೂ. ಎರಡನೇ ಮಾತಿಲ್ಲ. ಆದ್ರೆ "ಋಣಾತ್ಮಕ ಪುನರ್ಬಲನ ಎಂದರೇನು" ಅಂತ ಕೇಳಿ ಕೆಳಗೆ ನಾಲ್ಕು ವ್ಯಾಖ್ಯೆ ಜೋಡಿಸಿದ್ರೆ ಗೈಡನ್ನೇ ಜೆರಾಕ್ಸ್ ಮಾಡಿ ಹಂಚಿದ ಹಾಗೆ. ಸನ್ನಿವೇಶ ಕೊಡಿ: ಗದ್ದೆ ಬದಿಯ ಮನೆ, ಸಂಜೆ ಸೊಳ್ಳೆ ಕಾಟ. ಬೇವಿನ ಸೊಪ್ಪಿನ ಹೊಗೆ ಹಾಕಿದರು, ಸೊಳ್ಳೆ ಹೋದವು. ಈಗ ದಿನಾ ಸಂಜೆ ತಪ್ಪದೆ ಹೊಗೆ ಹಾಕ್ತಾರೆ. ಇದೇನು? ಧನಾತ್ಮಕ ಪುನರ್ಬಲನ, ಋಣಾತ್ಮಕ ಪುನರ್ಬಲನ, ಶಿಕ್ಷೆ. ಓದದೇ ಬಂದೋರು "ಶಿಕ್ಷೆ"ಗೇ ಬೀಳ್ತಾರೆ. ಸೊಳ್ಳೆನೂ ಕೆಟ್ಟದ್ದು, ಹೊಗೆನೂ ಕೆಟ್ಟದ್ದು, ಋಣ ಅಂದ್ರೂ ಕೆಟ್ಟದ್ದು ಅಂತ ಅವರ ಲೆಕ್ಕ. ವರ್ತನೆ ಹೆಚ್ಚಾಯ್ತಾ ಕಡಿಮೆಯಾಯ್ತಾ, ಏನಾದ್ರೂ ಸೇರಿತಾ ಹೋಯ್ತಾ, ಎರಡನ್ನೂ ಬೇರೆ ಬೇರೆ ಕೇಳಿಕೊಂಡೋರಿಗೆ ಮಾತ್ರ ಸರಿ ಉತ್ತರ: ಹೊಗೆ ಹಾಕೋದು ಹೆಚ್ಚಾಯ್ತು, ಅದಕ್ಕೇ ಪುನರ್ಬಲನ; ಸೊಳ್ಳೆ ಕಾಟ ಹೋಯ್ತು, ಅದಕ್ಕೇ ಋಣಾತ್ಮಕ.

ಮೂರು ಆಯ್ಕೆ ಸಾಕು. ನಾಲ್ಕನೆಯದು ಬರೀ ಜಾಗ ತುಂಬೋಕೆ, ಯಾರೂ ಅದನ್ನ ಆರಿಸಲ್ಲ. "ಮೇಲಿನ ಎಲ್ಲವೂ" ಹಾಕಲೇಬೇಡಿ, ಎರಡು ಸರಿ ಅಂತ ಗೊತ್ತಾದ್ರೆ ಮೂರನೆಯದನ್ನ ಓದದೇ ಟಿಕ್ ಹಾಕ್ತಾರೆ. ಸರಿ ಉತ್ತರವೇ ಎಲ್ಲಕ್ಕಿಂತ ಉದ್ದ ಆದ್ರೂ ಗುಟ್ಟು ರಟ್ಟು.

ಆಮೇಲೆ ಪ್ರತಿ ಪ್ರಶ್ನೆ ಓದಿದೋರನ್ನ ಓದದೋರಿಂದ ಬೇರ್ಪಡಿಸುತ್ತಾ ಅಂತ ಲೆಕ್ಕ ಹಾಕಿ. ಒಟ್ಟು ಅಂಕದಲ್ಲಿ ಮೇಲಿನ ಶೇ. 27, ಕೆಳಗಿನ ಶೇ. 27 ಜನರನ್ನ ತಗೊಳ್ಳಿ. 60ರಲ್ಲಿ ಶೇ. 27 ಅಂದ್ರೆ 16. ಒಂದು ಪ್ರಶ್ನೆಗೆ ಮೇಲಿನ 16 ಜನರಲ್ಲಿ 14 ಸರಿ, ಕೆಳಗಿನ 16ರಲ್ಲಿ 6 ಸರಿ ಅಂದ್ರೆ ವ್ಯತ್ಯಾಸ 8, ಭಾಗಿಸು 16, 0.5. ಒಳ್ಳೇ ಪ್ರಶ್ನೆ. 0.2ಕ್ಕಿಂತ ಕೆಳಗಿದ್ರೆ ತಿದ್ದಿ. ಮೈನಸ್ ಬಂತು ಅಂದ್ರೆ ಮಕ್ಕಳನ್ನ ಬೈಬೇಡಿ, ಮೊದಲು ಕೀ ಉತ್ತರ ಸರಿಯಿದ್ಯಾ ನೋಡಿ.

ಮದ್ದೂರ್_ವಡೆ: ಏನ್ ಗುರುಗಳೇ, ಮೂರೇ ಆಯ್ಕೆ, 40 ಪ್ರಶ್ನೆ. ಕಣ್ಮುಚ್ಚಿ ಟಿಕ್ ಹಾಕಿದೋನಿಗೂ 13 ಅಂಕ ಬರುತ್ತೆ ಕಣ್ರೀ. ಅದಕ್ಕೆ ಪರೀಕ್ಷೆ ಅಂತೀರಾ?

ಬರೆಸಬೇಕು. ಹತ್ತು ಪ್ರಶ್ನೆ, ತಲಾ 4 ಅಂಕ. ಅಭಿಜಾತ ಅನುಬಂಧನಕ್ಕೆ (ಜೊತೆಜೊತೆಗೆ ಬಂದು ಬಂದು ಒಂದಕ್ಕೆ ಬರೋ ಪ್ರತಿಕ್ರಿಯೆ ಇನ್ನೊಂದಕ್ಕೂ ಬರೋದು) ಸದ್ದಿಗೇ ಜೊಲ್ಲು ಸುರಿಸೋದು ಕಲಿತ ಪಾವ್ಲೋವ್ ನಾಯಿ ಬೇಡ, ಅದು ಎಲ್ಲರಿಗೂ ಬಾಯಿಪಾಠ. ಹೋಟೆಲ್ ಕಾವಲಿ ಮೇಲೆ ಹಿಟ್ಟು ಹುಯ್ದಾಗ "ಚುರ್" ಅನ್ನುತ್ತೆ, ಹೊರಗೆ ಕೂತೋನ ಬಾಯಲ್ಲಿ ನೀರೂರುತ್ತೆ. ನಾಲ್ಕು ಭಾಗ ಗುರುತಿಸಿ, ಒಂದಕ್ಕೆ ಒಂದು ಅಂಕ. ಸಹಜ ಪ್ರಚೋದಕ: ಬಾಯಿಗೆ ಬಿದ್ದ ದೋಸೆ. ಅದಕ್ಕೆ ಬರೋ ಜೊಲ್ಲು ಸಹಜ ಪ್ರತಿಕ್ರಿಯೆ. "ಚುರ್" ಸದ್ದು ಅನುಬಂಧಿತ ಪ್ರಚೋದಕ, ಸದ್ದಿಗೆ ಬರೋ ಜೊಲ್ಲು ಅನುಬಂಧಿತ ಪ್ರತಿಕ್ರಿಯೆ. ತಪ್ಪೋದು ಎರಡೇ ಕಡೆ. ಒಂದು, "ದೋಸೆ ನೋಡೋದು" ಸಹಜ ಪ್ರಚೋದಕ ಅಂತ ಬರೀತಾರೆ. ನೋಡಿ ನೀರೂರೋದೂ ಕಲಿತದ್ದೇ ಅಲ್ವಾ. ಇನ್ನೊಂದು, ಜೊಲ್ಲು ಅಂತ ಎರಡು ಸಲ ಬರೆಯೋಕೆ ಹೆದರಿ ಒಂದು ಕಡೆ "ಹಸಿವು" ಅಂತ ಸೃಷ್ಟಿ ಮಾಡ್ತಾರೆ. ಈ ಹೆದರಿಕೆ ಟಿಕ್ ಹಾಕಿಸಿದ್ರೆ ನಿಮಗೆ ಕಾಣುತ್ತಾ?

ಕುವೆಂಪುನಗರ_ಗುರು: ಹತ್ತು ಪ್ರಶ್ನೆ, 60 ಮಕ್ಕಳು, 600 ಉತ್ತರ. ಒಂದಕ್ಕೆ ಒಂದು ನಿಮಿಷ ಅಂದ್ರೂ ಹತ್ತು ಗಂಟೆ. ಆ ಹತ್ತು ಗಂಟೆ ನೀವು ಬಂದು ಕೂರ್ತೀರಾ ಸ್ವಾಮಿ? ಊಹೆಯ ಅಂಕ ಕಳೆಯೋಕೆ ಸೂತ್ರ ಇದೆ: ತಪ್ಪುಗಳನ್ನ, ಆಯ್ಕೆಗಳಿಗಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸಿ ಸರಿಯಿಂದ ಕಳೆಯಿರಿ. 25 ಸರಿ, 12 ತಪ್ಪು, 3 ಖಾಲಿ. 12 ಭಾಗಿಸು 2, ಅಂದ್ರೆ 6. ಉಳಿದದ್ದು 19.

ಮದ್ದೂರ್_ವಡೆ: ಕಳೀತೀನಿ ಅಂತ ಮೊದಲೇ ಹೇಳಿದ್ರೆ ಅಂಜುಬುರುಕರು ಖಾಲಿ ಬಿಡ್ತಾರೆ, ಧೈರ್ಯಸ್ಥರು ಹಾಕ್ತಾರೆ. ಆಗ ನೀವು ಅಳೀತಿರೋದು ಸೈಕಾಲಜಿನಾ, ಸ್ವಭಾವನಾ? ಹತ್ತು ಗಂಟೆ ಆಗುತ್ತೆ, ಇಲ್ಲ ಅನ್ನಲ್ಲ. ಒಬ್ಬರ ಪತ್ರಿಕೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ, 60 ಜನರ ಮೊದಲ ಪ್ರಶ್ನೆ ಒಟ್ಟಿಗೆ ತಿದ್ದಿ. ಇಲ್ಲಾಂದ್ರೆ ದುಂಡನೆಯ ಅಕ್ಷರಕ್ಕೆ, ಮೊದಲ ಉತ್ತರದ ಗುಂಗಿಗೆ ಅಂಕ ಬೀಳುತ್ತೆ. ಥಾರ್ನ್‌ಡೈಕ್ 1920ರಲ್ಲೇ ಬರೆದ ಹ್ಯಾಲೋ ಎಫೆಕ್ಟ್ ಇದೇ.

ಚೀಟಿ_ಟೆಸ್ಟ್: ಇಬ್ಬರೂ ಅಂಕಕ್ಕೇ ಜೋತುಬಿದ್ದಿದೀರಿ. ಟೆಸ್ಟ್ ಅನ್ನೋದೇ ಕಲಿಸುತ್ತೆ. ರೋಡಿಗರ್, ಕಾರ್ಪಿಕೆ ಅನ್ನೋ ಸಂಶೋಧಕರ 2006ರ ಪ್ರಯೋಗ: ಒಂದು ಗುಂಪು ಎರಡು ಸಲ ಓದಿತು, ಇನ್ನೊಂದು ಒಂದು ಸಲ ಓದಿ ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದೋರೇ ಮುಂದೆ, ಅವರಿಗೆ ಶೇ. 81, ಬರೆದೋರಿಗೆ 75 ನೆನಪಿತ್ತು. ವಾರ ಬಿಟ್ಟು ಕೇಳಿದಾಗ ತಿರುಗಾಮುರುಗಾ: ಓದಿದೋರು 42, ಒಂದು ಸಲ ಓದಿ ನೆನಪಿನಿಂದ ಬರೆದೋರು 56. ಒಂದು ಎ-4 ಹಾಳೆಗೆ ನಾಲ್ಕು ಚೀಟಿ, 60 ಮಕ್ಕಳಿಗೆ 15 ಹಾಳೆ. ಕ್ಲಾಸ್ ಶುರುವಲ್ಲಿ ಐದು ಪ್ರಶ್ನೆ: ಎರಡು ಹೋದ ವಾರದ್ದು, ಮೂರು ವಾರ ಹಿಂದಿನವು ಎರಡು, ಒಂದು ಇವತ್ತು ಮಾಡಬೇಕಾದ್ದು. ಉತ್ತರ ಅಲ್ಲೇ ಹೇಳಿಬಿಡಿ. ಬಿಟ್ರೆ ತಪ್ಪು ಆಯ್ಕೆಯೇ ತಲೆಯಲ್ಲಿ ಕೂತುಬಿಡುತ್ತೆ, ಎಂ.ಸಿ.ಕ್ಯೂನಲ್ಲಂತೂ.

ಪದಕೋಶ: ಮೊದಲು ಪದ ಸರಿಮಾಡ್ಕೊಳ್ಳಿ. ಒಂದು ಪುಸ್ತಕದಲ್ಲಿ ಪುನರ್ಬಲನ, ಇನ್ನೊಂದರಲ್ಲಿ ಪ್ರಬಲನ. ಒಂದು ಕಡೆ ಅಭಿಜಾತ, ಇನ್ನೊಂದು ಕಡೆ ಶಾಸ್ತ್ರೀಯ ಅನುಬಂಧನ. ಇವು ಎರಡು ಬೇರೆ ಅನುಬಂಧನ ಅಂದ್ಕೊಂಡು ವ್ಯತ್ಯಾಸ ಬರೆಯೋ ಮಕ್ಕಳಿರ್ತಾರೆ. ಪ್ರತಿ ಪದದ ಪಕ್ಕ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್, ಕ್ಲಾಸಿಕಲ್ ಕಂಡೀಷನಿಂಗ್ ಅಂತ ಕನ್ನಡ ಲಿಪಿಯಲ್ಲೇ ಹಾಕಿ.

ಕುವೆಂಪುನಗರ_ಗುರು: ಪದ ನಮಗೆ ಹೇಳಿಕೊಡ್ತೀರಾ? ಇಂಡಿಯಾದಲ್ಲೇ ಮೊದಲ ಸೈಕಾಲಜಿ ವಿಭಾಗ ಮೈಸೂರಿನದು.

ಮದ್ದೂರ್_ವಡೆ: ಅಲ್ಲ. ಕಲ್ಕತ್ತಾ 1916, ಮೈಸೂರು 1924. ಪ್ರೊಫೆಸರ್ ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದು ಮೈಸೂರಿನ ವಿಭಾಗ ಕಟ್ಟಿದ್ದು, ಆಮೇಲೆ 1935ರಲ್ಲಿ ಮನೆಯಲ್ಲೇ ರೇಡಿಯೋ ಶುರುಮಾಡಿದ್ದು, ಎಲ್ಲಾ ಸರಿ. "ಮೊದಲ" ಅನ್ನೋದು ತಪ್ಪು. ಇದನ್ನೇ ಎಂ.ಸಿ.ಕ್ಯೂ ಮಾಡಿ, ನಿಮ್ಮ ಕೀ ಉತ್ತರಕ್ಕೆ ಮೈನಸ್ ಬರುತ್ತೆ.

ಚೀಟಿ_ಟೆಸ್ಟ್: ಜಗಳ ಬಿಡಿ, ಊರಿನ ಪ್ರಶ್ನೆ ಕೊಡ್ತೀನಿ. ದಸರಾ ಮುಂಚೆ ಕುಶಾಲತೋಪಿನ ತಾಲೀಮು. ಮೊದಲ ಸಲ ಬೆಚ್ಚಿದ ಆನೆ ಮೂರನೇ ತಾಲೀಮಿಗೆ ಕಿವಿಯನ್ನೂ ಅಲ್ಲಾಡಿಸಲ್ಲ. ಇದೇನು? ಅಭ್ಯಸ್ತತೆ, ಹ್ಯಾಬಿಚುಯೇಷನ್.

ಕುವೆಂಪುನಗರ_ಗುರು: ವಿಲೋಪನ (ಎಕ್ಸ್‌ಟಿಂಕ್ಷನ್, ಕಲಿತ ಪ್ರತಿಕ್ರಿಯೆ ಅಳಿಸಿಹೋಗೋದು) ಅಂತ ಯಾಕಾಗಬಾರದು?

ಚೀಟಿ_ಟೆಸ್ಟ್: ವಿಲೋಪನಕ್ಕೆ ಮೊದಲು ಒಂದು ಜೋಡಣೆ ಕಲಿತಿರಬೇಕು. ತೋಪಿಗೆ ಬೆಚ್ಚೋದು ಕಲಿತದ್ದಲ್ಲ. ಕಿವಿಯೇ ಮಂದವಾಯ್ತಾ ಅಂತ ಅನುಮಾನ ಬಂದ್ರೆ ಅಷ್ಟೇ ಜೋರಿನ ಬೇರೆ ಸದ್ದು ಮಾಡಿ. ಮತ್ತೆ ಬೆಚ್ಚಿದ್ರೆ ಕಿವಿ ನೆಟ್ಟಗಿದೆ, ಅಭ್ಯಸ್ತತೆಯೇ.

ಮದ್ದೂರ್_ವಡೆ: ತೋಪು ಹೊಡೆಯೋವಾಗ ಮಾವುತ ಬೆಲ್ಲ ಕೊಟ್ಟ ಅನ್ನಿ, ಆಗ ಅದು ಪ್ರತಿ-ಅನುಬಂಧನ, ಕೌಂಟರ್ ಕಂಡೀಷನಿಂಗ್, ಅಂದ್ರೆ ಹೆದರಿಸೋ ಸದ್ದಿಗೆ ಇಷ್ಟವಾದದ್ದನ್ನ ಜೋಡಿಸೋದು. ಬೆಲ್ಲ ಕೊಟ್ಟನೋ ಇಲ್ಲವೋ ಪ್ರಶ್ನೆಯಲ್ಲೇ ಬರೀಬೇಕು, ಇಲ್ಲಾಂದ್ರೆ ಎರಡೂ ಉತ್ತರ ಸರಿ.

ಮಂಡ್ಯ_ಹೊಸಮೇಡಂ: ಸರ್, ಸೋಮವಾರಕ್ಕೆ ಏನು ಮಾಡಲಿ ಅಂತ ಒಬ್ಬರಾದ್ರೂ ಹೇಳ್ತೀರಾ?

ಕುವೆಂಪುನಗರ_ಗುರು: ತಡೀರಿ ಮೇಡಂ. ವಡೆಯವರೇ, ಬೆಲ್ಲ ತೋಪಿಗೆ ಮುಂಚೆ ಕೊಟ್ರೋ, ಆಮೇಲೋ? ಮುಂಚೆ ಕೊಟ್ರೆ ಬೆಲ್ಲವೇ ತೋಪಿನ ಮುನ್ಸೂಚನೆ ಆಗುತ್ತೆ. ನಾಲ್ಕು ದಿನಕ್ಕೆ ಆನೆ ಬೆಲ್ಲ ಕಂಡ್ರೇ ಬೆಚ್ಚುತ್ತೆ.